ಕಲ್ಕುಡನ ಉಳಿ, ಶಾಸನದ ಚುಕ್ಕಿ

ಈ ಸಲ ಹೊಸ ಶಾಸನದ ಓದು ಇಲ್ಲ. ಓದಿ ಮುಗಿಸದೇ ಹೋದ ಒಂದು ಕಲ್ಲಿನ ಕಥೆ ಉಂಟು. ತಪ್ಪು ನನ್ನದೇ. ಅದನ್ನು ಮೊದಲು ಹೇಳಿಬಿಡ್ತೇನೆ.

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಕಾಪು ಕಡೆಯ ಒಂದು ಬೈಲಿನಲ್ಲಿ, ಗದ್ದೆಯ ಬದುವಿಗೆ ಒರಗಿಸಿಟ್ಟ ಒಂದು ಕಲ್ಲು ಇತ್ತು. ಮೇಲ್ಗಡೆ ಸೂರ್ಯ, ಚಂದ್ರ. ಕೆಳಗೆ ಹನ್ನೊಂದು ಸಾಲು ಬರಹ. ಸಾಲುಗಳ ಮಧ್ಯ ಭಾಗ ಪೂರಾ ಸವೆದು ಹೋಗಿತ್ತು. ಗದ್ದೆಯ ಅಜ್ಜ ಆ ಕಲ್ಲಿನ ಮೇಲೆ ಕತ್ತಿ ಮಸೆಯುತ್ತಿದ್ದರಂತೆ, ಅಕ್ಷರ ಉಂಟು ಅಂತ ಗೊತ್ತಾದ ಮೇಲೆ ನಿಲ್ಲಿಸಿದರು. ನಾನು ಮಣಿಪಾಲದಿಂದ ಮೂರು ಸಲ ಹೋದೆ. ಕಲ್ಲು ತೊಳೆದು ಒಂದು ಪಡಿಯಚ್ಚು ತೆಗೆದೆ, ಕತ್ತಲಾದ ಮೇಲೆ ಬದಿಯಿಂದ ಟಾರ್ಚ್ ಹಿಡಿದು ಫೋಟೋ ತೆಗೆದೆ. "ಸ್ವಸ್ತಿ ಶ್ರೀ" ಸ್ಪಷ್ಟ. ಶಕವರ್ಷದ ಸಂಖ್ಯೆಯಲ್ಲಿ ಕೊನೆಯದು ಇಲ್ಲ. ಸಂವತ್ಸರದ ಹೆಸರು ಅರ್ಧ. ಕೆಳಗಿನ ಸಾಲಲ್ಲಿ "ಮೂಡೆ" ಅನ್ನುವ ಶಬ್ದ. ಅಂದರೆ ಅಕ್ಕಿಯೋ ಭತ್ತವೋ ಕೊಟ್ಟ ದಾನ. ಅಷ್ಟು ಓದಲಿಕ್ಕೆ ಆಯ್ತು.

ಅಷ್ಟನ್ನೇ ಪ್ರಕಟಿಸಬಹುದಿತ್ತು. ಮಾಡಲಿಲ್ಲ. ವರ್ಷ ಖಚಿತವಾಗಲಿ, ಅರಸನ ಹೆಸರು ಸಿಗಲಿ, ಇನ್ನೊಂದು ಒಳ್ಳೆ ಪಡಿಯಚ್ಚು ಆಗಲಿ ಅಂತ ಕಾದೆ. ಪೇಟೆಯಲ್ಲಿ ಸಿಕ್ಕಾಗಲೆಲ್ಲ ಅಜ್ಜ ಕೇಳುತ್ತಿದ್ದರು: "ಎಂತ ಮಾಸ್ಟ್ರೇ, ನಮ್ಮ ಕಲ್ಲು ಓದಿ ಆಯ್ತಾ?" ನಾನು, "ಆಗ್ತಾ ಉಂಟು ಅಜ್ಜ, ಸ್ವಲ್ಪ ಬಾಕಿ" ಅನ್ನುತ್ತಿದ್ದೆ. ಹಾಗೆ ಆರು ವರ್ಷ. ಅಜ್ಜ ತೀರಿಕೊಂಡರು. ಗದ್ದೆಗೆ ಮಣ್ಣು ಬಿತ್ತು, ಮನೆ ಎದ್ದಿತು. ಕಲ್ಲು ಎಲ್ಲಿ ಹೋಯ್ತು ಅಂತ ಹೇಳುವವರು ಯಾರೂ ಇಲ್ಲ. ಈಗ ನನ್ನ ಹತ್ತಿರ ಉಳಿದದ್ದು ಒಂದು ಮಡಚಿದ ಕಾಗದ, ಏಳೆಂಟು ಫೋಟೋ.

ಪರಿಪೂರ್ಣ ಮಾಡಬೇಕು ಅನ್ನುವ ಹಟ ದೊಡ್ಡದೋ, ಹಿಡಿದದ್ದನ್ನು ಮುಗಿಸುವುದು ದೊಡ್ಡದೋ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವುದು ಕಾರ್ಕಳದ ಬೆಟ್ಟ. ಅಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಉಂಟು: ಒಂದು ಪಾಡ್ದನದಲ್ಲಿ, ಇನ್ನೊಂದು ಕಲ್ಲಿನಲ್ಲಿ.

ಪಾಡ್ದನ ಹೇಳುವುದು

ತುಳುನಾಡಿನವರಿಗೆ ಕಲ್ಕುಡ–ಕಲ್ಲುರ್ಟಿ ದೈವಗಳ ಕಥೆ ಹೊಸದಲ್ಲ. ಹೊರಗಿನ ಓದುಗರಿಗಾಗಿ ಚುಟುಕಾಗಿ ಹೇಳ್ತೇನೆ. ಪಾಠದಿಂದ ಪಾಠಕ್ಕೆ ವ್ಯತ್ಯಾಸ ಇದ್ದೇ ಇದೆ, ತಿರುಳು ಮಾತ್ರ ಒಂದೇ. ಶಂಭು ಕಲ್ಕುಡ ಹೆಸರಾಂತ ಶಿಲ್ಪಿ. ಕೆಲಸಕ್ಕೆ ಅಂತ ಘಟ್ಟದ ಮೇಲಿನ ಬೆಳ್ಗೊಳಕ್ಕೆ ಹೋದವನು ವರ್ಷಗಟ್ಟಲೆ ಮನೆಗೆ ಬರುವುದಿಲ್ಲ. ಅವನು ಹೋದ ಮೇಲೆ ಹುಟ್ಟಿದ ಅವಳಿ ಮಕ್ಕಳು ಬೀರ ಮತ್ತು ಕಾಳು. ಬೆಳೆದ ಬೀರ ಅಪ್ಪನನ್ನು ಹುಡುಕಿಕೊಂಡು ಹೋಗುತ್ತಾನೆ. ಅಪ್ಪನ ಕೆಲಸವನ್ನೆಲ್ಲ ನೋಡಿ, ಎಲ್ಲ ಸರಿ, ಆದರೆ ಇಲ್ಲೊಂದು ದೋಷ ಉಂಟು ಅಂತ ತೋರಿಸುತ್ತಾನೆ. ಯಾರೂ ಹಿಡಿಯದ ತಪ್ಪನ್ನು ಮಗನೇ ಹಿಡಿದನಲ್ಲ ಅನ್ನುವ ನಾಚಿಕೆಗೆ ಅಪ್ಪ ಜೀವ ಕಳೆದುಕೊಳ್ಳುತ್ತಾನೆ.

ಮುಂದೆ ಬೀರ ಕಲ್ಕುಡ ಕಾರ್ಕಳಕ್ಕೆ ಬಂದು ಭೈರರಸನಿಗೆ ಗೊಮ್ಮಟನನ್ನು ಕಡೆದು ಕೊಡುತ್ತಾನೆ. ಇಂಥದ್ದು ಇನ್ನೊಂದು ಬೇರೆಲ್ಲೂ ಆಗಬಾರದು ಅಂತ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಬೀರ ಅಲ್ಲಿಗೆ ನಿಲ್ಲುವುದಿಲ್ಲ. ಉಳಿದ ಒಂದೇ ಕೈಯಲ್ಲಿ ಉಳಿ ಹಿಡಿದು ವೇಣೂರಿಗೆ ಹೋಗಿ, ಅಜಿಲ ಅರಸನಿಗೆ ಮತ್ತೊಂದು ಗೊಮ್ಮಟನನ್ನು ನಿಲ್ಲಿಸುತ್ತಾನೆ. ತಂಗಿ ಕಾಳುವಿನ ಸಿಟ್ಟು ಕಾರ್ಕಳವನ್ನು ಸುಡುತ್ತದೆ. ಅಣ್ಣ ತಂಗಿ ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ.

ಇಲ್ಲಿ ಎರಡು ಮಾದರಿ ಉಂಟು, ಗಮನಿಸಿ. ತಪ್ಪು ಕಂಡಾಗ ಅಪ್ಪ ಕೆಲಸವನ್ನೂ ಬಿಟ್ಟ, ಜೀವವನ್ನೂ ಬಿಟ್ಟ. ಮಗನಿಗೆ ಅಂಗವೇ ಹೋದರೂ ಕೆಲಸ ಬಿಡಲಿಲ್ಲ. ತುಳುನಾಡು ಕೋಲ ಕೊಟ್ಟು ನೆನೆಯುವುದು ಯಾರನ್ನು? ಅಪ್ಪನನ್ನಲ್ಲ, ಮಗನನ್ನು.

ಘಟ್ಟದ ಮೇಲೆ ಇದೇ ಕಥೆಯ ನೆಂಟ ಬೇಲೂರಿನ ಜಕಣಾಚಾರಿಯ ಕಥೆ. ಅಲ್ಲಿಯೂ ಅಪ್ಪ, ಮಗ, ಕಲ್ಲಿನೊಳಗಿನ ಕಪ್ಪೆ, ಕಡಿದುಕೊಂಡ ಕೈ. ಆದರೆ ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿ ಅನ್ನುವ ಶಿಲ್ಪಿಯ ಹೆಸರಿಲ್ಲ. ಇರುವುದು ದಾಸೋಜ, ಚಾವಣ, ಮಲ್ಲಿಯಣ್ಣ, ನಾಗೋಜ ಮುಂತಾದವರ ಹೆಸರು. ಇನ್ನೊಂದು ಸ್ವಾರಸ್ಯ ಕೇಳಿ: ಬಳ್ಳಿಗಾವೆಯ ದಾಸೋಜನೂ ಚಾವಣನೂ ಅಪ್ಪ ಮಗ. ಒಂದೇ ದೇವಸ್ಥಾನದಲ್ಲಿ ಇಬ್ಬರೂ ಕೆತ್ತಿದರು, ಇಬ್ಬರೂ ಮದನಿಕೆಗಳ ಪೀಠದಲ್ಲಿ ತಮ್ಮ ಹೆಸರು ಹಾಕಿದರು. ದಂತಕಥೆಯಲ್ಲಿ ಅಪ್ಪ ಮಗನ ಮಧ್ಯೆ ರಕ್ತ ಹರಿಯುತ್ತದೆ, ಕಲ್ಲಿನಲ್ಲಿ ಅವರು ಪಕ್ಕ ಪಕ್ಕದಲ್ಲಿ ಕೆಲಸ ಮಾಡಿದ್ದಾರೆ.

ಕಲ್ಲು ಹೇಳುವುದು

ಈಗ ಕಾರ್ಕಳಕ್ಕೆ ಹೋಗುವ. ಗೊಮ್ಮಟ ಮೂರ್ತಿಯ ಎತ್ತರ ಸುಮಾರು 42 ಅಡಿ. ಮೂರ್ತಿಯ ಪಕ್ಕದ ಶಾಸನಗಳ ಪ್ರಕಾರ, ಭೈರವನ ಮಗ ವೀರಪಾಂಡ್ಯ, ಹನಸೋಗೆಯ ಗುರುಪರಂಪರೆಯ ಲಲಿತಕೀರ್ತಿಯ ಉಪದೇಶದಂತೆ ಈ ಬಾಹುಬಲಿಯನ್ನು ಮಾಡಿಸಿ ಪ್ರತಿಷ್ಠೆ ಮಾಡಿದ. ಕಾಲ ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಅಂದರೆ ಕ್ರಿ.ಶ. 1432ರ ಫೆಬ್ರವರಿ 13.

ಶಕವರ್ಷಕ್ಕೆ 78 ಕೂಡಿಸಿ 1431 ಅಂತ ಬರೆದುಬಿಡುವವರು ಈಗಲೂ ಇದ್ದಾರೆ. ಆದರೆ ಫಾಲ್ಗುಣ ಶಕವರ್ಷದ ಕೊನೆಯ ತಿಂಗಳು. ಅಷ್ಟು ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಹಾಗಾಗಿ 1432. ಅದೇ ಊರಿನ ಚತುರ್ಮುಖ ಬಸದಿಯ ಶಾಸನ ಶಕ 1508ರ ಚೈತ್ರ ಮಾಸದ್ದು, ಅಲ್ಲಿ 78 ಕೂಡಿಸಿದರೆ ಸಾಕು: 1586. ಹೊಸಬರು ಈ ಲೆಕ್ಕವನ್ನು ಒಂದು ಸಲ ಕೈಯಲ್ಲಿ ಮಾಡಿ ನೋಡಿ.

ವೇಣೂರಿನ ಗೊಮ್ಮಟನ ಎತ್ತರ ಸುಮಾರು 35 ಅಡಿ. ಅದರ ಶಾಸನ ಅಜಿಲ ವಂಶದ ತಿಮ್ಮರಾಜನದು, ಶಕ 1525ರ ಫಾಲ್ಗುಣ, ಅಂದರೆ 1604ರ ಮಾರ್ಚ್. ಕಾರ್ಕಳಕ್ಕೂ ವೇಣೂರಿಗೂ ಮಧ್ಯೆ 172 ವರ್ಷ. ಬೆಳ್ಗೊಳದ ಮೂರ್ತಿಯೋ, ಚಾವುಂಡರಾಯನ ಕಾಲದ್ದು, ಹತ್ತನೇ ಶತಮಾನದ ಕೊನೆಗೆ ಸೇರಿದ್ದು. ಪಾಡ್ದನ ಆರು ಶತಮಾನಗಳನ್ನು ಅಪ್ಪ ಮಗನ ಎರಡು ತಲೆಮಾರಿಗೆ ಮಡಚಿ ಇಟ್ಟಿದೆ. ಇತಿಹಾಸವಾಗಿ ಇದು ನಿಲ್ಲುವುದಿಲ್ಲ. ಅಷ್ಟಕ್ಕೇ ಅದನ್ನು ಬದಿಗೆ ತಳ್ಳಬೇಕಾ? ಬೇಡ. ಶಾಸನ ಬಿಟ್ಟದ್ದನ್ನು ಪಾಡ್ದನ ಹಿಡಿದಿದೆ.

ಶಾಸನ ಬಿಟ್ಟದ್ದು ಯಾವುದು? ಒಂದು ಕ್ರಿಯಾಪದದಲ್ಲಿ ಉತ್ತರ ಉಂಟು. ಬೆಳ್ಗೊಳದ ಮೂರ್ತಿಯ ಪಾದದ ಬಳಿ ಚಾವುಂಡರಾಯನ ಹೆಸರಿನ ಮುಂದೆ ಇರುವುದು "ಮಾಡಿಸಿದಂ". ಮಾಡಿದಂ ಅಲ್ಲ, ಮಾಡಿಸಿದಂ. ಕಾರ್ಕಳದಲ್ಲೂ ವೇಣೂರಿನಲ್ಲೂ ಇದೇ ರೀತಿ: ಮಾಡಿಸಿದವನ ವಂಶ, ಗುರು, ತಿಥಿ, ವಾರ ಎಲ್ಲ ಇವೆ, ಮಾಡಿದವನ ಹೆಸರಿಲ್ಲ. ಆ ಖಾಲಿ ಜಾಗದಲ್ಲಿ ಜನ ಕಲ್ಕುಡನನ್ನು ಕೂರಿಸಿದರು. ಕಾರ್ಕಳದ ಶಿಲ್ಪಿಯ ಕೈ ಕಡಿದರು ಅನ್ನುವುದಕ್ಕೆ ಶಾಸನದಲ್ಲಿ ಆಧಾರ ಇಲ್ಲ. ಅವನ ಹೆಸರು ಬಿಟ್ಟರು ಅನ್ನುವುದಕ್ಕೆ ಶಾಸನವೇ ಆಧಾರ.

ಪ್ರತಿಷ್ಠೆ ಮೊದಲು, ಉಳಿದದ್ದು ಆಮೇಲೆ

ಇನ್ನೊಂದು ವಿಷಯ ಕಲ್ಲಿನಿಂದ ಕಲಿಯುವಂಥದ್ದು. ಹಳೇ ಶಿಲ್ಪಿಗಳು ಎಲ್ಲವನ್ನೂ ಪರಿಪೂರ್ಣ ಮಾಡಿದ ಮೇಲೆಯೇ ಪರದೆ ಸರಿಸುತ್ತಿದ್ದರು ಅಂತ ನಾವು ಭಾವಿಸುತ್ತೇವೆ. ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಹಾಗೆ ಕಾಣುವುದಿಲ್ಲ.

ಕಾರ್ಕಳದಲ್ಲಿ ಮೂರ್ತಿಯ ಪ್ರತಿಷ್ಠೆ 1432ರಲ್ಲಿ. ಎದುರಿನ ಬ್ರಹ್ಮದೇವರ ಕಂಬ ಅದೇ ವೀರಪಾಂಡ್ಯನದು, ಆದರೆ ನಾಲ್ಕು ವರ್ಷ ತಡವಾಗಿ, 1436ರಲ್ಲಿ. ಬೆಳ್ಗೊಳದಲ್ಲಿ ಚಾವುಂಡರಾಯ ಮೂರ್ತಿಯನ್ನು ಮಾಡಿಸಿದ. ಸುತ್ತಲಿನ ಆವರಣವನ್ನು ಮಾಡಿಸಿದ್ದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಹನ್ನೆರಡನೇ ಶತಮಾನದಲ್ಲಿ. ಅಂದರೆ ಮೂರ್ತಿ ನೂರಕ್ಕೂ ಹೆಚ್ಚು ವರ್ಷ ಆ ಸುತ್ತಾಲಯ ಇಲ್ಲದೇ ಬೆಟ್ಟದ ಮೇಲೆ ನಿಂತಿತ್ತು. ಬೇಲೂರಿನ ಚೆನ್ನಕೇಶವ 1117ರಲ್ಲಿ ಪ್ರತಿಷ್ಠೆಯಾದ. ನಾವು ಇಂದು ಬಾಯಿ ಬಿಟ್ಟು ನೋಡುವ ನವರಂಗದ ಜಾಲಂಧ್ರಗಳು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದವು. ಹಳೇಬೀಡಿನ ಹೊಯ್ಸಳೇಶ್ವರದಲ್ಲಂತೂ ಕೆಲವು ಕಡೆ ಕೆಲಸ ಅರ್ಧಕ್ಕೇ ನಿಂತಿದೆ. ಆದರೂ ದೇವರಿಗೆ ಪೂಜೆ ಬಾಕಿ ಆಗಲಿಲ್ಲ.

ಅವರಿಗೆ ಮುಹೂರ್ತ ಅಂತ ಒಂದು ಇತ್ತು. ತಿಥಿ, ವಾರ, ಲಗ್ನ ನಿಶ್ಚಯವಾದರೆ ಮುಗಿಯಿತು, ಆ ದಿನ ದೇವರು ನಿಲ್ಲಲೇಬೇಕು. ಗರ್ಭಗುಡಿಯಲ್ಲಿ ರಾಜಿ ಇಲ್ಲ. ಮೂರ್ತಿ ಭಿನ್ನವಾದರೆ ಪ್ರತಿಷ್ಠೆಯೇ ಇಲ್ಲ. ಆದರೆ ಕಂಬ, ಪ್ರಾಕಾರ, ಕಿಟಕಿ ಮುಂದಿನವರಿಗೆ ಬಿಟ್ಟದ್ದು. ಎಲ್ಲಿ ಹಟ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವ ವಿವೇಕ ಅವರಲ್ಲಿತ್ತು.

ಕಾರ್ಕಳದ ಚತುರ್ಮುಖ ಬಸದಿಯ 1586ರ ಶಾಸನ ಇದನ್ನು ಇನ್ನೂ ಸ್ಪಷ್ಟ ಮಾಡುತ್ತದೆ. ಇಮ್ಮಡಿ ಭೈರರಸ ಒಡೆಯ ಕಟ್ಟಿಸಿದ, ತ್ರಿಭುವನತಿಲಕ ಅಂತ ಹೆಸರಿಟ್ಟ ಈ ಬಸದಿ ಯಾವ ದಿಕ್ಕಿನಿಂದ ನೋಡಿದರೂ ಒಂದೇ ರೀತಿ: ನಾಲ್ಕು ಬಾಗಿಲು, ನಾಲ್ಕೂ ಕಡೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಅಳತೆಯ ಹಟಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಕರಾವಳಿಯಲ್ಲಿ ಕಡಿಮೆ. ಆದರೆ ಶಾಸನ ಶಿಲ್ಪದ ಹೊಗಳಿಕೆಗೆ ನಿಲ್ಲದೆ ದಾನದ ವಿವರಕ್ಕೆ ಹೋಗುತ್ತದೆ. ಯಾವ ಗ್ರಾಮದ ಉತ್ಪತ್ತಿ, ಪೂಜೆಗೆ ಏನು, ಪೂಜೆ ಮಾಡುವವರಿಗೆ ಏನು ಅನ್ನುವ ಲೆಕ್ಕ. ಕಟ್ಟಡ ಮುಗಿದರೆ ಕೆಲಸ ಮುಗಿದಂತಲ್ಲ, ಮರುದಿನ ಬೆಳಿಗ್ಗೆ ದೀಪ ಹಚ್ಚುವವನಿಗೆ ಅಕ್ಕಿ ಎಲ್ಲಿಂದ ಅನ್ನುವುದು ನಿಶ್ಚಯವಾದರೆ ಮುಗಿದಂತೆ. ಮುಗಿಸುವುದು ಅಂದರೆ ಅವರ ಲೆಕ್ಕದಲ್ಲಿ ಅದು.

ಓದುವವರ ಕಥೆ

ಶಿಲ್ಪಿಗಳ ಮಾತು ಆಯ್ತು. ಶಾಸನ ಓದಿದವರು ಏನು ಮಾಡಿದರು?

ಕಲ್ಕುಡ ಪಾಡ್ದನದ ಹಳೆಯ ಇಂಗ್ಲಿಷ್ ಪಾಠ ನಮಗೆ ಸಿಕ್ಕಿದ್ದು ಎ. ಸಿ. ಬರ್ನೆಲ್ ಅವರ ಕಾಗದಪತ್ರಗಳಿಂದ. ಅವರು ಮಂಗಳೂರಿನಲ್ಲಿಯೂ ನ್ಯಾಯಾಧೀಶರಾಗಿದ್ದವರು. 1882ರಲ್ಲಿ, ಇನ್ನೂ 42 ವರ್ಷಕ್ಕೆ ತೀರಿಕೊಂಡರು. ಪಾಡ್ದನಗಳ ಸಂಗ್ರಹ ಪೆಟ್ಟಿಗೆಯಲ್ಲೇ ಉಳಿಯಿತು. ಹನ್ನೆರಡು ವರ್ಷದ ನಂತರ, 1894ರಿಂದ, ಆರ್. ಸಿ. ಟೆಂಪಲ್ ಅದನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಟೆಂಪಲ್ ಕೈಗೆ ಸಿಗದಿದ್ದರೆ ಅದೂ ನನ್ನ ಗದ್ದೆಯ ಕಲ್ಲಿನ ಹಾಗೆಯೇ.

ಅದೇ ಬರ್ನೆಲ್ ಇನ್ನೊಂದು ಕೆಲಸದಲ್ಲಿ ಕಾಯಲಿಲ್ಲ. ದಕ್ಷಿಣ ಭಾರತದ ಲಿಪಿಶಾಸ್ತ್ರದ ಬಗ್ಗೆ ಅವರು ಬರೆದ ಪುಸ್ತಕ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಆ ವಿಷಯಕ್ಕೆ ಅದು ಬಹಳ ಆರಂಭದ ಕೆಲಸ, ಕೊರತೆ ಸಹಜ. ನಾಲ್ಕು ವರ್ಷದ ನಂತರ, 1878ರಲ್ಲಿ, ತಿದ್ದಿ ಬೆಳೆಸಿದ ಎರಡನೇ ಆವೃತ್ತಿ ಬಂತು. ಮೊದಲನೆಯದು ಬಂದದ್ದಕ್ಕೇ ಎರಡನೆಯದು ಬಂದದ್ದು.

ಸರ್ಕಾರಿ ಶಾಸನ ಇಲಾಖೆಗೂ ಇದೇ ಇಕ್ಕಟ್ಟು ಬಂದಿತ್ತು. 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಆರಂಭದ ಸಂಪುಟಗಳನ್ನು ಹುಲ್ಟ್ಸ್ ಮತ್ತು ಅವರ ನಂತರದವರು ಅನುವಾದ, ಟಿಪ್ಪಣಿ ಎಲ್ಲ ಸೇರಿಸಿ ತಂದರು. ಕೆಲಸ ಅದ್ಭುತ, ಆದರೆ ಸಮಯ? ಎರಡನೇ ಸಂಪುಟ ಭಾಗ ಭಾಗವಾಗಿ ಬರಲು ಶುರುವಾದದ್ದು 1891ರಲ್ಲಿ, ಮುಗಿದದ್ದು 1917ರಲ್ಲಿ. ಮೂರನೆಯದು 1899ರಿಂದ 1929ರ ತನಕ. ಇತ್ತ ಪ್ರತಿ ವರ್ಷ ಹೊಸ ಪಡಿಯಚ್ಚುಗಳ ರಾಶಿ ಬೆಳೆಯುತ್ತಿತ್ತು. ಕೊನೆಗೆ 1923ರ ನಾಲ್ಕನೇ ಸಂಪುಟದಿಂದ ದಾರಿ ಬದಲಾಯಿತು. ಅನುವಾದ ಇಲ್ಲ, ಉದ್ದ ಟಿಪ್ಪಣಿ ಇಲ್ಲ, ಪಾಠ ಮಾತ್ರ. ನಮ್ಮ ಮಂಗಳೂರು, ಕಾರ್ಕಳ, ಬಾರಕೂರು, ಉಡುಪಿ ಕಡೆಯ ಶಾಸನಗಳಲ್ಲಿ ಅನೇಕವನ್ನು ನಕಲು ಮಾಡಿದ್ದು 1901ರಲ್ಲಿ. ಅವುಗಳ ಪಾಠ ಅಚ್ಚಾದದ್ದು 1932ರ ಏಳನೇ ಸಂಪುಟದಲ್ಲಿ, ಕೆ. ವಿ. ಸುಬ್ರಹ್ಮಣ್ಯ ಅಯ್ಯರ್ ಸಂಪಾದಕತ್ವದಲ್ಲಿ. ಪಾಠ ಮಾತ್ರ ಅಂತ ಆಗ ತೀರ್ಮಾನ ಮಾಡದಿದ್ದರೆ ಇನ್ನೆಷ್ಟು ಕಾಲ ಹೋಗುತ್ತಿತ್ತೋ. ಬರಿ ಪಾಠ ಓದಲಿಕ್ಕೆ ಕಷ್ಟ ನಿಜ. ಆದರೆ ತುಳುನಾಡಿನ ಇತಿಹಾಸ ಬರೆದ ಮುಂದಿನ ತಲೆಮಾರು ನಿಂತದ್ದು ಅದರ ಮೇಲೆ.

ಆ ತಲೆಮಾರಿನಲ್ಲಿ ನಮ್ಮೂರಿನವರು ಒಬ್ಬರನ್ನು ನೆನೆಯಲೇಬೇಕು. ಕಾಪು ಹತ್ತಿರದ ಪಾದೂರಿನ ಗುರುರಾಜ ಭಟ್ಟರು. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರ ಕೆಲಸದ ನಡುವೆ ಊರೂರು ಸುತ್ತಿ ದೇವಸ್ಥಾನ, ಮೂರ್ತಿ, ಶಾಸನ ನೋಡಿದರು, ಫೋಟೋ ತೆಗೆದರು. 1975ರಲ್ಲಿ 'ಸ್ಟಡೀಸ್ ಇನ್ ತುಳುವ ಹಿಸ್ಟರಿ ಅಂಡ್ ಕಲ್ಚರ್' ಅನ್ನುವ ದೊಡ್ಡ ಗ್ರಂಥ ತಂದರು. 1978ರಲ್ಲಿ ತೀರಿಕೊಂಡರು. ಮೂರೇ ವರ್ಷ! ಇನ್ನೂ ನಾಲ್ಕು ಊರು ನೋಡಿ ಆಮೇಲೆ ಬರೆಯುವ ಅಂತ ಅವರು ಕಾದಿದ್ದರೆ ನಮ್ಮ ಕೈಯಲ್ಲಿ ಏನು ಇರುತ್ತಿತ್ತು? ಅವರ ಕೆಲವು ಮೂರ್ತಿಗಳ ಕಾಲನಿರ್ಣಯವನ್ನು ಇವತ್ತು ಚರ್ಚಿಸಬಹುದು. ಚರ್ಚಿಸಲಿಕ್ಕೆ ಪುಸ್ತಕ ಉಂಟಲ್ಲ, ಅದು ಮುಖ್ಯ.

ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಇನ್ನೊಂದು ಉದಾಹರಣೆ. 1979ರಲ್ಲಿ ಹಿಡಿದ ಕೆಲಸ, ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1988ರಲ್ಲಿ, ಆರನೆಯದು 1997ರಲ್ಲಿ. ಆಡುವ ಭಾಷೆಯ ಶಬ್ದಗಳು ಯಾವತ್ತಾದರೂ ಮುಗಿಯುತ್ತವಾ ಮಾರಾಯ್ರೆ? ಇಲ್ಲ. ಆದರೆ ಸಂಪುಟ ಮುಗಿಸಬಹುದು.

ಚುಕ್ಕಿಯ ಮರ್ಯಾದೆ

ಹಾಗಂತ ಅವಸರದಲ್ಲಿ ಏನಾದರೂ ಗೀಚಿ ಹಾಕಿ ಅಂತ ನಾನು ಹೇಳುತ್ತಿಲ್ಲ. ಅವಸರದ ಓದಿನ ಅನಾಹುತ ನಮಗೆಲ್ಲ ಗೊತ್ತು. ಒಬ್ಬರು 1431 ಅಂತ ಬರೆದರೆ ಸಾಕು, ಫಲಕದಲ್ಲಿ, ಕರಪತ್ರದಲ್ಲಿ, ವಾಟ್ಸಾಪಿನಲ್ಲಿ ಅದೇ ಓಡುತ್ತದೆ. ಒಂದು ಅಕ್ಷರ ತಪ್ಪಿ ಓದಿ ಊರಿಗೆ ಇಲ್ಲದ ಅರಸನನ್ನು ತಂದು ಕೂರಿಸಿದರೆ, ಆಮೇಲೆ ಅವನನ್ನು ಇಳಿಸಲಿಕ್ಕೆ ಹತ್ತು ಲೇಖನ ಬೇಕು.

ಈ ಎರಡು ತುದಿಗಳ ಮಧ್ಯೆ ಶಾಸನಶಾಸ್ತ್ರ ಒಂದು ಒಳ್ಳೆಯ ದಾರಿ ಕಂಡುಕೊಂಡಿದೆ. ನಮಗೆ ಅದು ಎಷ್ಟು ಅಭ್ಯಾಸ ಅಂದರೆ ಗಮನಿಸುವುದೇ ಇಲ್ಲ. ಅಕ್ಷರ ಅಳಿಸಿಹೋಗಿದೆಯಾ, ಚುಕ್ಕಿ ಇಡಿ. ಅಕ್ಷರ ಸಂಶಯವಾ, ಚೌಕ ಕಂಸದಲ್ಲಿ ಇಡಿ. ನೀವೇ ಊಹಿಸಿ ತುಂಬಿದ್ದಾ, ನಕ್ಷತ್ರ ಚಿಹ್ನೆ ಹಾಕಿ. ಇಷ್ಟು ಓದಿದ್ದೇನೆ, ಇಷ್ಟು ಆಗಲಿಲ್ಲ, ಇಷ್ಟು ನನ್ನ ಊಹೆ ಅಂತ ಪುಟದ ಮೇಲೇ ಹೇಳಿದಂತೆ. ಮೂರು ಚುಕ್ಕಿ ಇಟ್ಟ ಸಾಲು ಸೋಲಲ್ಲ. ಮುಂದೆ ಬರುವವನಿಗೆ ಬಿಟ್ಟ ಜಾಗ. ಗಂಗರಾಜನಿಗೆ ಚಾವುಂಡರಾಯ ಆವರಣ ಬಿಟ್ಟ ಹಾಗೆ.

ಗರ್ಭಗುಡಿಯಲ್ಲಿ ರಾಜಿ ಇಲ್ಲ ಅಂತ ಮೊದಲೇ ಹೇಳಿದೆ. ನಮಗೆ ಗರ್ಭಗುಡಿ ಯಾವುದು? ಕಾಣದ ಅಕ್ಷರವನ್ನು ಕಂಡೆ ಅನ್ನಬಾರದು, ಅಷ್ಟೇ. ಉಳಿದದ್ದು ಕಂಬ, ಪ್ರಾಕಾರ, ನಿಧಾನಕ್ಕೆ ಬರಲಿ.

ನನ್ನ ಕಪಾಟಿನ ಆ ಕಾಗದವನ್ನು ಕಳೆದ ವಾರ ಬಿಡಿಸಿದೆ. ಮಡಿಕೆಯಲ್ಲಿ ಸ್ವಲ್ಪ ಹರಿದಿದೆ. ಹನ್ನೊಂದು ಸಾಲಿನಲ್ಲಿ ನಾಲ್ಕು ಸಾಲು ಪೂರ್ತಿ, ಮೂರು ಅರ್ಧಂಬರ್ಧ, ಉಳಿದದ್ದೆಲ್ಲ ಚುಕ್ಕಿ. ಶಕವರ್ಷದ ಕೊನೆಯ ಅಂಕೆಗೂ ಚುಕ್ಕಿ. ಕೊನೆಯಲ್ಲಿ "ಮಂಗಳ ಮಹಾ ಶ್ರೀ" ಅಂತ ಚೆನ್ನಾಗಿಯೇ ಉಂಟು. ಬರೆದವನು ಮುಗಿಸಿದ್ದ, ಓದುವವನು ಮುಗಿಸಿರಲಿಲ್ಲ. ಮುಂದಿನ ಕಂತಿನಲ್ಲಿ ಫೋಟೋ ಸಮೇತ ಆ ಪಾಠವನ್ನು ಇಲ್ಲಿ ಹಾಕುತ್ತೇನೆ. ತಪ್ಪಿದ್ದರೆ ತಿದ್ದಿ. ಬೀರ ಕಲ್ಕುಡನ ಹಾಗೆ ನೇರವಾಗಿಯೇ ತೋರಿಸಿ, ನಾನು ಶಂಭು ಕಲ್ಕುಡ ಆಗುವುದಿಲ್ಲ.

ನಿಮ್ಮಲ್ಲೂ ಯಾರ ಹತ್ತಿರವಾದರೂ ಹೀಗೆ ಅರ್ಧ ಓದಿದ ಕಲ್ಲು, ಮಡಚಿಟ್ಟ ಪಡಿಯಚ್ಚು, ಮೊಬೈಲಿನಲ್ಲಿ ಉಳಿದ ಫೋಟೋ ಇರಬಹುದು. ಇರುವ ಜಾಗ, ಕಂಡ ದಿನ, ಕಲ್ಲಿನ ಅಳತೆ, ಓದಲಾದ ಅಕ್ಷರ, ಓದಲಾಗದ್ದಕ್ಕೆ ಚುಕ್ಕಿ. ಇಷ್ಟು ಬರೆದು ಎಲ್ಲಾದರೂ ಪ್ರಕಟಿಸಿ. ಮಳೆಗಾಲ ಹತ್ತಿರ ಬಂತು, ಗದ್ದೆಯ ಕಲ್ಲು ನಮಗಾಗಿ ಕಾಯುವುದಿಲ್ಲ.

ಅಜ್ಜ ಇದ್ದಿದ್ದರೆ ಈಗ ಹೇಳಬಹುದಿತ್ತು: "ಅಜ್ಜ, ಪೂರ್ತಿ ಆಗಲಿಲ್ಲ. ಆದರೆ ಆದಷ್ಟು ಓದಿ ಆಯ್ತು."